ಮೀನಿನ ಹೊಟ್ಟೆಯೊಳಗಿನ ಸೀಸ

  ಹೊಸಕೋಟೆಯಿಂದ, ದೇವನಹಳ್ಳಿಯಿಂದ, ನೆಲಮಂಗಲದಿಂದ ಈ ಮಳೆಯಲ್ಲೂ ಬೈಕ್‌ನಲ್ಲಿ ಬಂದಿರುವ ಯೌವನಸ್ಥರಿಗೆ ವಿಶೇಷವಾಗಿ ವಂದನೆ. ಸತ್ಯವೇದ ತೆರೆಯಿರಿ. ಯೋಹಾನನ ಸುವಾರ್ತೆ 21ನೇ ಅಧ್ಯಾಯ, 1ರಿಂದ 14ರವರೆಗೆ. ಮೊಬೈಲ್‌ನಲ್ಲಿ ತೆರೆಯೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡಿ. ಓದಿದ್ದೀರಿ ಅಂತ ಇಟ್ಟುಕೊಳ್ಳುತ್ತೇನೆ. ಆ ಭಾಗಕ್ಕೆ ಕೊನೆಯಲ್ಲಿ ಬರೋಣ. ಅದಕ್ಕೂ ಮುಂಚೆ ಒಂದು ಮೀನಿನ ಕಥೆ ಹೇಳಬೇಕು.

ಅಮೆರಿಕದ ಓಹಾಯೋ ರಾಜ್ಯದಲ್ಲಿ ಕ್ಲೀವ್‌ಲ್ಯಾಂಡ್ ಅಂತ ಒಂದು ಊರು. ಪಕ್ಕದಲ್ಲೇ ಈರಿ ಸರೋವರ. ಅಲ್ಲಿ ವಾಲ್‌ಐ ಎಂಬ ಮೀನು ಹಿಡಿಯುವ ದೊಡ್ಡ ಟೂರ್ನಮೆಂಟ್‌ಗಳು ನಡೆಯುತ್ತವೆ. ಇಬ್ಬಿಬ್ಬರ ತಂಡ. ಐದು ಮೀನು ತಂದು ತೂಕಕ್ಕಿಡಬೇಕು, ಹೆಚ್ಚು ತೂಕ ಬಂದವರಿಗೆ ಬಹುಮಾನ. 2022ರ ಸೆಪ್ಟೆಂಬರ್ 30ರಂದು ಜೇಕಬ್ ರುನ್ಯನ್, ಚೇಸ್ ಕೊಮಿನ್ಸ್ಕಿ ಎಂಬ ಇಬ್ಬರು ಐದು ಮೀನು ತಂದರು. ಟೂರ್ನಮೆಂಟ್ ನಡೆಸುವ ಜೇಸನ್ ಫಿಶರ್ ಆ ಮೀನು ನೋಡಿ, ಒಟ್ಟು ಇಪ್ಪತ್ತು ಪೌಂಡ್ ಆಸುಪಾಸು ಇರಬೇಕು ಅಂದುಕೊಂಡ. ಅಂದ್ರೆ ಒಂಬತ್ತು ಕೆಜಿ. ತಕ್ಕಡಿ ತೋರಿಸಿದ್ದು ಹತ್ತಿರ ಹತ್ತಿರ 34 ಪೌಂಡ್, ಹದಿನೈದು ಕೆಜಿ ಮೇಲೆ! ಅನುಮಾನ ಬಂತು. ಒಂದು ಮೀನು ಒತ್ತಿ ನೋಡಿದ, ಒಳಗೆ ಗಟ್ಟಿ. ಚಾಕು ತಗೊಂಡು ಎಲ್ಲರ ಮುಂದೆ ಹೊಟ್ಟೆ ಸೀಳಿದ. ಒಳಗಿಂದ ಸೀಸದ ಗುಂಡು ಬಿತ್ತು. ಐದೂ ಮೀನಿನಿಂದ ಒಟ್ಟು ಹತ್ತು ಗುಂಡು, ಜೊತೆಗೆ ಬೇರೆ ಮೀನಿನ ಮಾಂಸದ ತುಂಡುಗಳು. ಅವತ್ತಿನ ಬಹುಮಾನ 28,760 ಡಾಲರ್.

ಆ ವಿಡಿಯೋ ಲೋಕವೆಲ್ಲ ನೋಡಿತು. ನಿಮ್ಮಲ್ಲೂ ಕೆಲವರು ನೋಡಿರ್ತೀರಿ, ಶೇರ್ ಮಾಡಿರ್ತೀರಿ, ನಕ್ಕಿರ್ತೀರಿ. 2023ರಲ್ಲಿ ಇಬ್ಬರೂ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಹತ್ತು ದಿನ ಜೈಲು, ಮೀನು ಹಿಡಿಯುವ ಲೈಸೆನ್ಸ್ ಅಮಾನತು, ದೋಣಿ ಜಪ್ತಿ.

ನಾನೂ ಮೊದಲು ನಕ್ಕೆ. ಎರಡನೇ ಸಲ ನೋಡಿದಾಗ ನಗು ಬರಲಿಲ್ಲ. ಯಾಕೆ ಅಂದ್ರೆ, ಪ್ರಿಯರೇ, ನಾನೂ ಮೀನಿನ ಬಾಯಿಗೆ ಕಲ್ಲು ತುರುಕಿದವನು.

ಇದನ್ನು ಈ ವೇದಿಕೆ ಮೇಲೆ ಇದುವರೆಗೆ ಹೇಳಿಲ್ಲ. ನನಗೆ ಆಗ ಹದಿನಾಲ್ಕು ವರ್ಷ. ನಮ್ಮೂರು ದೊಡ್ಡಬಳ್ಳಾಪುರದ ಕಡೆ. ಅಪರೂಪಕ್ಕೆ ಒಳ್ಳೆ ಮಳೆ ಆಗಿ ಕೆರೆ ಕೋಡಿ ಬಿದ್ದಿತ್ತು. ನಾವು ಹನ್ನೆರಡು ಹುಡುಗರು ಗಾಳದ ಪಂದ್ಯ ಕಟ್ಟಿದೆವು. ತಲೆಗೆ ಐದು ರೂಪಾಯಿ. ಎರೆಹುಳುವಾದ್ರೂ ಸರಿ, ರಾಗಿಮುದ್ದೆ ಉಂಡೆಯಾದ್ರೂ ಸರಿ. ಸಾಯಂಕಾಲದ ಹೊತ್ತಿಗೆ ಯಾರ ಒಂದು ಮೀನು ಎಲ್ಲಕ್ಕಿಂತ ತೂಕವೋ ಅವನಿಗೆ ಪೂರ್ತಿ ಅರವತ್ತು ರೂಪಾಯಿ. ತೂಕ ಊರಿನ ಅಂಗಡಿ ತಕ್ಕಡಿಯಲ್ಲಿ.

ನನಗೆ ಒಂದು ಕಾಟ್ಲಾ ಬಿತ್ತು, ಪರವಾಗಿಲ್ಲ ಅನ್ನೋ ಗಾತ್ರ. ನನ್ನ ಗೆಳೆಯನಿಗೆ ಒಂದು ಕೊರವ ಬಿತ್ತು, ನೋಡಿದರೇ ಗೊತ್ತಾಗ್ತಿತ್ತು ನನ್ನದಕ್ಕಿಂತ ತೂಕ ಅಂತ. ಏರಿ ಮೇಲೆ ಕೂತು ಸಣ್ಣ ಸಣ್ಣ ಬೆಣಚುಕಲ್ಲು ಆರಿಸಿದೆ. ಕಡ್ಡಿಯಲ್ಲಿ ಒಂದೊಂದಾಗಿ ಮೀನಿನ ಬಾಯೊಳಗೆ ತಳ್ಳಿದೆ. ಒಂಬತ್ತು ಕಲ್ಲು. ಸಂಖ್ಯೆ ಇವತ್ತಿಗೂ ನೆನಪಿದೆ. ತಕ್ಕಡಿ ನನ್ನ ಕಡೆ ವಾಲಿತು. ಎಲ್ಲರೂ ಹೋ ಅಂತ ಕೂಗಿ ನನ್ನನ್ನ ಎತ್ತಿಕೊಂಡರು. ಗೆಳೆಯನೂ ಕೂಗಿದ.

ಅವನಿಗೆ ಆ ದುಡ್ಡು ಜಾಮಿಟ್ರಿ ಬಾಕ್ಸ್‌ಗೆ ಬೇಕಿತ್ತು. ನನಗೂ ಅದು ಗೊತ್ತಿತ್ತು. ನಾನು ಆ ದುಡ್ಡಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ ಸಿನಿಮಾ ನೋಡಿ ಪರೋಟ ತಿಂದೆ. ಈ ಕಥೆ ಇನ್ನೂ ಮುಗಿದಿಲ್ಲ, ಮತ್ತೆ ಬರುತ್ತೇನೆ.

ಈಗ ನಿಮ್ಮನ್ನು ಒಂದು ಪ್ರಶ್ನೆ ಕೇಳ್ತೀನಿ. ಆಟದಲ್ಲಿ ಮೋಸ ಮಾಡಿದರೆ ನಿಜವಾಗಿ ಆಗುವ ತಪ್ಪೇನು? ಕೊಲೆ ಅಲ್ಲ, ವ್ಯಭಿಚಾರ ಅಲ್ಲ. ಮೀನು, ಆಟ, ಮಜಾ. ಆದರೂ ನಮ್ಮ ದೇವರು ತೂಕದ ಬಗ್ಗೆ ಎಷ್ಟು ಗಂಭೀರವಾಗಿ ಮಾತಾಡ್ತಾನೆ ನೋಡಿ. ಯಾಜಕಕಾಂಡ 19, ಧರ್ಮೋಪದೇಶಕಾಂಡ 25, ಜ್ಞಾನೋಕ್ತಿ 11. ಮತ್ತೆ ಮತ್ತೆ ತಕ್ಕಡಿ, ತೂಕದ ಕಲ್ಲು, ಅಳತೆ. ಚೀಲದಲ್ಲಿ ಎರಡು ಥರದ ಕಲ್ಲು ಇಟ್ಟುಕೊಂಡವನು ಯೆಹೋವನಿಗೆ ಅಸಹ್ಯ ಎಂಬ ಅರ್ಥದ ಮಾತು. ಯಾಕೆ ಇಷ್ಟು ಗಟ್ಟಿ ಮಾತು?

ಮೊದಲನೆಯದಾಗಿ, ಅಲ್ಲಿ ಒಬ್ಬ ಎರಡನೆಯವನು ಇರ್ತಾನೆ. ಮೋಸ ಮಾಡುವಾಗ ನಮ್ಮ ಕಣ್ಣಿಗೆ ಬಹುಮಾನ ಕಾಣುತ್ತೆ, ಎರಡನೇ ಸ್ಥಾನದಲ್ಲಿ ನಿಂತವನು ಕಾಣಲ್ಲ. ಈರಿ ಸರೋವರದಲ್ಲಿ ಚಳಿಯಲ್ಲಿ ದೋಣಿ ಓಡಿಸಿ, ಸಿಕ್ಕಷ್ಟೇ ಮೀನು ತಂದವರು ಅಲ್ಲಿ ನಿಂತಿದ್ದರು. ಆ ವಿಡಿಯೋದಲ್ಲಿ ಕೂಗಾಡುವವರು ಅವರೇ. ಅವರ ಬೈಗುಳವನ್ನು ನಾನು ಸಮರ್ಥಿಸಲ್ಲ, ಆದರೆ ಅವರ ನೋವು ನನಗೆ ಅರ್ಥವಾಗುತ್ತೆ.

ಎರಡನೆಯದಾಗಿ, ತಕ್ಕಡಿ ಹಾಳಾಗುತ್ತೆ. ಹಳ್ಳಿಯಲ್ಲಿ ಡೈರಿಗೆ ಹಾಲು ಹಾಕಿ ಬೆಳೆದವರಿಗೆ ಇದು ಗೊತ್ತು. ಯಾರೋ ಒಬ್ಬ ನೀರು ಬೆರೆಸಿದ, ಅದಕ್ಕೆ ಎಲ್ಲರ ಕ್ಯಾನ್‌ಗೂ ಲ್ಯಾಕ್ಟೋಮೀಟರ್ ಇಳೀಬೇಕು. ಒಂದು ಹಸು ಇಟ್ಟುಕೊಂಡ ಅಜ್ಜಿ ಹಾಲಿಗೂ ಪರೀಕ್ಷೆ. ಅಮೆರಿಕದ ದೊಡ್ಡ ಮೀನು ಪಂದ್ಯಗಳಲ್ಲಿ ಗೆದ್ದವರಿಗೆ ಸುಳ್ಳು ಪತ್ತೆ ಯಂತ್ರದ ಪರೀಕ್ಷೆ ಕೂಡ ಮಾಡ್ತಾರೆ. ಯೋಚನೆ ಮಾಡಿ, ಮೀನು ಹಿಡಿದವನಿಗೆ ಪೊಲೀಸ್ ಠಾಣೆಯ ಯಂತ್ರ! ಅದೇ ನಮ್ಮ ಕಾವೇರಿಯಲ್ಲಿ, ಭೀಮೇಶ್ವರಿ, ಗಾಲಿಬೋರೆ ಕಡೆ, ಮಹಶೀರ್ ಮೀನಿಗೆ ಗಾಳ ಹಾಕುತ್ತಿದ್ದವರು ಹಿಡಿದು, ತೂಗಿ, ಮತ್ತೆ ಹೊಳೆಗೇ ಬಿಡುತ್ತಿದ್ದರು. ಮೀನು ವಾಪಸ್ ಹೋಯ್ತು ಅಂದ್ರೆ ಉಳಿಯೋದು ಹಿಡಿದವನ ಮಾತು, ಹೆಚ್ಚೆಂದರೆ ಒಂದು ಫೋಟೋ. ಆ ಮಾತಿನ ಮೇಲೆ ಇಡೀ ಆಟ ನಿಂತಿರುತ್ತೆ. ಸುಳ್ಳು ತೂಕ ಹೇಳುವವನು ಒಂದು ಬಹುಮಾನ ಕದಿಯೋದಷ್ಟೇ ಅಲ್ಲ, ಮುಂದೆ ನಿಜ ಹೇಳುವವನ ಮಾತಿನ ಬೆಲೆಯನ್ನೂ ಕದೀತಾನೆ.

ಮೂರನೆಯದಾಗಿ, ಗೆದ್ದದ್ದು ಅವನಿಗೆ ದಕ್ಕಲ್ಲ. ಹುಡುಗರು ನನ್ನನ್ನ ಎತ್ತಿಕೊಂಡು ಕುಣಿದಾಗ ನನಗೆ ಒಳಗೆ ಏನೂ ಆಗಲಿಲ್ಲ. ಅವರು ಹೊಗಳ್ತಿದ್ದದ್ದು ದೊಡ್ಡ ಮೀನು ಹಿಡಿದ ಹುಡುಗನನ್ನ. ಆ ಹುಡುಗ ಅಲ್ಲಿರಲಿಲ್ಲ. ಜ್ಞಾನೋಕ್ತಿ 20:17 ಮನೆಗೆ ಹೋಗಿ ಓದಿ. ಮೋಸದ ಊಟ ಮೊದಲು ಸಿಹಿ, ಕೊನೆಗೆ ಬಾಯಲ್ಲಿ ಕಲ್ಲು ಎಂಬ ಅರ್ಥ. ಕಲ್ಲು! ಆ ವಾಕ್ಯ ಮೊದಲ ಸಲ ಓದಿದಾಗ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯ್ತು.

ಈಗ ಕೆಲವರು ಮನಸ್ಸಲ್ಲಿ ಅಂದುಕೊಳ್ತಿರಬಹುದು, "ಪಾಸ್ಟರ್, ಕಾನೂನು ಪ್ರಕಾರ ತಪ್ಪಿಲ್ಲ ಅಂದ್ರೆ ಯಾಕೆ ತಲೆ ಕೆಡಿಸ್ಕೋಬೇಕು?" ನಮ್ಮ ರಾಜ್ಯದ್ದೇ ಉದಾಹರಣೆ ಕೊಡ್ತೀನಿ. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ಮ್ಯಾಚ್ ಫಿಕ್ಸಿಂಗ್ ಆರೋಪ ಬಂದು 2019ರಲ್ಲಿ ಬೆಂಗಳೂರು ಪೊಲೀಸರು ಹಲವರನ್ನು ಬಂಧಿಸಿದರು. 2022ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ಕೆಲವು ಆರೋಪಿಗಳ ಮೇಲಿನ ಕೇಸು ರದ್ದು ಮಾಡಿತು. ಕಾರಣ ಏನು? ಮ್ಯಾಚ್ ಫಿಕ್ಸಿಂಗ್ ಐಪಿಸಿ 420ನೇ ಸೆಕ್ಷನ್‌ನ ವಂಚನೆ ಆಗೋದಿಲ್ಲ, ಟಿಕೆಟ್ ಕೊಂಡವರು ತಾವಾಗಿಯೇ ಕೊಂಡರು ಎಂಬ ವಾದ. ಆದರೆ ಅದೇ ತೀರ್ಪು, ಅಂಥ ಕೆಲಸ ಆಟಗಾರನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದು, ಅದಕ್ಕೆ ಶಿಸ್ತುಕ್ರಮ ತಗೊಳ್ಳೋದು ಕ್ರಿಕೆಟ್ ಮಂಡಳಿ ಎಂದೂ ಹೇಳಿತು. ಆ ಆಟಗಾರರು ಏನು ಮಾಡಿದರು, ಮಾಡಲಿಲ್ಲ ಅಂತ ನಾನು ತೀರ್ಪು ಕೊಡಲ್ಲ, ಅದು ನನ್ನ ಕೆಲಸ ಅಲ್ಲ. ನಾನು ನೋಡೋದು ಇಷ್ಟನ್ನೇ: ಈ ಸೆಕ್ಷನ್‌ಗೆ ಬರಲ್ಲ ಎಂದು ಕೋರ್ಟ್ ಹೇಳಿದರೆ, ಅದು ಸರಿ ಎಂದು ಹೇಳಿದ ಹಾಗಲ್ಲ. ಕಾನೂನಿಗೆ ಒಂದು ಗಡಿ ಇದೆ. ಗಡಿಯ ಆಚೆಗೂ ನಮ್ಮ ದೇವರು ದೇವರೇ. ಆಮೆನ್?

ಇನ್ನು ಕೆಲವರು, "ಒಳ್ಳೆ ಉದ್ದೇಶಕ್ಕೆ, ಸುಮ್ನೆ ತಮಾಷೆಗೆ" ಅಂತಾರೆ. 2021ರ ಜೂನ್ 13, ಕೋವಿಡ್ ಕಾಲ. ಅಕ್ಷಯ ಪಾತ್ರೆಗೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಹಲವು ಗಣ್ಯರ ಜೊತೆ ಆನ್‌ಲೈನ್ ಚೆಸ್ ಆಡಿದರು. ನಮ್ಮ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರನ್ನು ಸೋಲಿಸಿಬಿಟ್ಟರು! ಐದು ಸಲದ ವಿಶ್ವ ಚಾಂಪಿಯನ್ ಸೋತರು ಅಂದ್ರೆ ನಂಬಲು ಆಗುತ್ತಾ? ಮರುದಿನ ಕಾಮತ್ ಅವರೇ ಬರೆದುಕೊಂಡರು: ಆಟ ವಿಶ್ಲೇಷಿಸುವವರ, ಕಂಪ್ಯೂಟರ್‌ಗಳ ಸಹಾಯ ಇತ್ತು, ಇಷ್ಟು ಗೊಂದಲ ಆಗುತ್ತೆ ಅಂತ ತಿಳಿಯಲಿಲ್ಲ, ಕ್ಷಮಿಸಿ ಅಂತ. ಆನಂದ್ ಅದನ್ನು ದೊಡ್ಡದು ಮಾಡಲಿಲ್ಲ. ನಾನು ಬೋರ್ಡಿನ ಮೇಲಿದ್ದ ಸ್ಥಿತಿಯನ್ನು ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬ ಅರ್ಥದ ಮಾತಷ್ಟೇ ಹೇಳಿದರು.

ಕಾಮತ್ ಅವರನ್ನು ಹಂಗಿಸೋಕೆ ಇದನ್ನು ಹೇಳ್ತಿಲ್ಲ. ಅವರು ಒಂದೇ ದಿನದಲ್ಲಿ ಒಪ್ಪಿಕೊಂಡರು. ನಾನು ಎಂಟು ವರ್ಷ ತಗೊಂಡೆ. ಆದರೆ ಆನಂದ್ ಅವರ ಆ ಮಾತು ಇಟ್ಟುಕೊಳ್ಳಿ. ಬೋರ್ಡಿನ ಮೇಲೆ ಏನಿದೆಯೋ ಅದನ್ನ ಆಡೋದು. ನಿನ್ನ ಬುಟ್ಟಿಯಲ್ಲಿ ಏನಿದೆಯೋ ಅದನ್ನ ತೂಕಕ್ಕಿಡೋದು.

ಈಗ ನಮ್ಮ ಬುಟ್ಟಿಗೆ ಬರೋಣ. ಇಲ್ಲಿ ಯಾರೂ ಮೀನು ಪಂದ್ಯಕ್ಕೆ ಹೋಗಲ್ಲ. ಆಫೀಸಿನ ಸ್ಟೆಪ್ ಚಾಲೆಂಜ್‌ನಲ್ಲಿ ಫೋನ್ ಫ್ಯಾನಿಗೆ ಕಟ್ಟಿ ಹತ್ತು ಸಾವಿರ ಹೆಜ್ಜೆ ನಡೆದವರು ಇರಬಹುದು. ನಗಬೇಡಿ, ಕೈ ಎತ್ತಿ ಅಂತ ಕೇಳಲ್ಲ. ಆನ್‌ಲೈನ್ ಇಂಟರ್ವ್ಯೂನಲ್ಲಿ ಪಕ್ಕದಲ್ಲಿ ಕೂತು ಉತ್ತರ ಪಿಸುಗುಟ್ಟುವ ಗೆಳೆಯ ಇರಬಹುದು. ಮೂರು ತಿಂಗಳ ಹಿಂದೆ ಒಬ್ಬ ತಮ್ಮ ನನ್ನ ಹತ್ತಿರ ಬಂದು ಅತ್ತ. "ಪಾಸ್ಟರ್, ಎಲ್ಲರೂ ಎರಡು ವರ್ಷ ಫೇಕ್ ಎಕ್ಸ್‌ಪೀರಿಯೆನ್ಸ್ ಹಾಕ್ತಾರೆ. ನಾನು ಫ್ರೆಶರ್ ಅಂತ ನಿಜ ಬರೆದ್ರೆ ನನ್ನ ಸಿವಿ ತೆರೆಯೋದೇ ಇಲ್ಲ. ಮನೆಯಲ್ಲಿ ಲೋನ್ ಇದೆ. ಎಲ್ಲರ ಮೀನಿನಲ್ಲೂ ಸೀಸ ಇರುವಾಗ ನನ್ನ ಮೀನು ಮಾತ್ರ ಯಾಕೆ ಖಾಲಿ ಇರಬೇಕು?" ಮೀನು ಅಂತ ಅವನು ಹೇಳಲಿಲ್ಲ, ಅದು ನಾನು ಸೇರಿಸಿದ್ದು. ಪ್ರಶ್ನೆ ಮಾತ್ರ ಅದೇ.

ಈ ಪ್ರಶ್ನೆ ಸುಲಭ ಅಲ್ಲ. "ನೀನು ಪ್ರಾಮಾಣಿಕನಾಗಿರು, ಕರ್ತನು ನಾಳೆಯೇ ಡಬಲ್ ಪ್ಯಾಕೇಜ್ ಕೊಡ್ತಾನೆ" ಅಂತ ನಾನು ಅವನಿಗೆ ಹೇಳಲಿಲ್ಲ. ಹಾಗೆ ಹೇಳಿದ್ದರೆ ಅದೂ ಸುಳ್ಳು ತೂಕವೇ. ನಿಜ ಬರೆದು ಕೆಲಸ ತಡವಾಗಿ ಸಿಕ್ಕವರು ಈ ಸಭೆಯಲ್ಲೇ ಇದ್ದಾರೆ. ನಾನು ಅವನಿಗೆ ಹೇಳಿದ್ದು ಎರಡೇ ಮಾತು. ಒಂದು, ಎಲ್ಲರೂ ಅಂತ ನೀನು ಅನ್ನೋದರಲ್ಲಿ ನಿಜ ಬರೆದ ಒಬ್ಬ ಫ್ರೆಶರ್ ಯಾವಾಗಲೂ ಇರ್ತಾನೆ. ನೀನು ಸೀಸ ತುಂಬಿದ ದಿನ ಆ ಎರಡನೆಯವನ ಜಾಗ ಹೋಗುತ್ತೆ, ಮತ್ತು ಅವನು ನಿನ್ನ ಹಾಗೇ ಲೋನ್ ಇರುವ ಮನೆಯವನು. ಇನ್ನೊಂದು, ಸೀಸದಿಂದ ಸಿಕ್ಕ ಕುರ್ಚಿಯಲ್ಲಿ ಪ್ರತಿದಿನ ಹೊಟ್ಟೆ ಮುಚ್ಚಿಕೊಂಡು ಕೂರಬೇಕು. ಬ್ಯಾಕ್‌ಗ್ರೌಂಡ್ ಚೆಕ್ ಬಂದಾಗ, ಹೊಸ ಮ್ಯಾನೇಜರ್ ಬಂದಾಗ, ಯಾರಾದರೂ ಹಳೆ ಕಂಪನಿ ಬಗ್ಗೆ ಕೇಳಿದಾಗ. ಪೌಲನು 2 ತಿಮೊಥೆಯ 2:5ರಲ್ಲಿ ಕ್ರೀಡಾಪಟುವಿನ ಮಾತು ಹೇಳ್ತಾನಲ್ಲ, ನಿಯಮದ ಪ್ರಕಾರ ಆಡದವನಿಗೆ ಕಿರೀಟ ಇಲ್ಲ ಅಂತ. ಕಿರೀಟ ತಲೆ ಮೇಲೆ ಇದ್ದರೂ ಅದು ಅವನದಲ್ಲ ಎಂದೇ ನಾನು ಅರ್ಥ ಮಾಡ್ಕೊಂಡಿದ್ದೀನಿ.

ಸಭೆಯವರಾದ ನಮಗೂ ಒಂದು ಮಾತು. ಅಪೊಸ್ತಲರ ಕೃತ್ಯಗಳು 5ರಲ್ಲಿ ಅನನೀಯ, ಸಪ್ಫೈರ. ಹೊಲ ಮಾರಿದ್ದು ತಪ್ಪಲ್ಲ. ಸ್ವಲ್ಪ ಹಣ ಇಟ್ಟುಕೊಂಡದ್ದೂ ತಪ್ಪಲ್ಲ, ಅದು ನಿನ್ನದೇ ಆಗಿತ್ತಲ್ಲ ಅಂತ ಪೇತ್ರನೇ ಹೇಳ್ತಾನೆ. ಅರ್ಧ ತಂದು ಪೂರ್ತಿ ಅಂತ ತೂಕ ತೋರಿಸಿದ್ದು ತಪ್ಪು. ಯಾರೂ ಅವರನ್ನು ಪಂದ್ಯಕ್ಕೆ ಕರೆದಿರಲಿಲ್ಲ! ಹಾಗಾದರೆ ನಮ್ಮ ಸಾಕ್ಷಿಗಳು? ಮೂರು ದಿನದ ಜ್ವರ ವಾಸಿಯಾದದ್ದು ವೇದಿಕೆಗೆ ಬರುವಾಗ ಡಾಕ್ಟರ್ ಕೈಬಿಟ್ಟ ಕಾಯಿಲೆ ಆಗಿರುತ್ತೆ. ನೂರಿಪ್ಪತ್ತು ಜನ ಬಂದ ಕೂಟ ನಮ್ಮ ಪೋಸ್ಟರ್‌ನಲ್ಲಿ ಸಾವಿರ ಆಗುತ್ತೆ. ಪಾಸ್ಟರ್‌ಗಳಾದ ನಾವು ಇದನ್ನು ಮಾಡಿದ್ದೇವೆ, ನಾನೂ ಮಾಡಿದ್ದೇನೆ. ದೇವರ ಕೆಲಸಕ್ಕೆ ನಮ್ಮ ಸೀಸ ಬೇಕಾಗಿಲ್ಲ.

ಆ ಇಬ್ಬರು ಮೀನುಗಾರರಲ್ಲಿ ಒಬ್ಬನ ಹೆಸರು ಜೇಕಬ್ ಅಂದೆ. ನಮ್ಮ ಸತ್ಯವೇದದಲ್ಲಿ ಯಾಕೋಬ. ಇದನ್ನು ಅವನ ಮೇಲೆ ಹೊರಿಸೋಕೆ ಹೇಳ್ತಿಲ್ಲ, ನಮ್ಮೆಲ್ಲರಲ್ಲೂ ಒಬ್ಬ ಯಾಕೋಬ ಇದ್ದಾನೆ. ಆದಿಕಾಂಡ 27ರಲ್ಲಿ ಯಾಕೋಬ ಕೈಗೆ ಮೇಕೆಮರಿಯ ಚರ್ಮ ಸುತ್ತಿಕೊಂಡು ಕುರುಡು ತಂದೆಯ ಮುಂದೆ ನಿಲ್ತಾನೆ. ತಂದೆ ನೀನು ಯಾರು ಅಂತ ಕೇಳಿದಾಗ ಏಸಾವ ಅಂತಾನೆ. ಆಶೀರ್ವಾದ ಸಿಕ್ಕಿತು. ಆದರೆ ಆಶೀರ್ವಾದ ತಗೊಂಡು ಅದೇ ಮನೆಯಲ್ಲಿ ಒಂದು ತಿಂಗಳು ನೆಮ್ಮದಿಯಾಗಿ ಇರೋಕೆ ಆಯ್ತಾ? ಓಡಿಹೋದ. ತಾಯಿಯನ್ನು ಮತ್ತೆ ನೋಡಿದ ಅಂತ ಎಲ್ಲೂ ಬರೆದಿಲ್ಲ. ಎಷ್ಟೋ ವರ್ಷದ ಮೇಲೆ ಯಬ್ಬೋಕ್ ಹೊಳೆ ಹತ್ತಿರ, 32ನೇ ಅಧ್ಯಾಯ, ರಾತ್ರಿಯಿಡೀ ಹೋರಾಡಿ ಆಶೀರ್ವದಿಸು ಅಂತ ಹಿಡ್ಕೊಳ್ತಾನೆ. ಆಗ ಮೊದಲು ಬರೋದು ಒಂದು ಪ್ರಶ್ನೆ: ನಿನ್ನ ಹೆಸರೇನು? ಈ ಸಲ ಅವನು ಯಾಕೋಬ ಅಂತಾನೆ. ಚರ್ಮ ತೆಗೆದು ತೂಕಕ್ಕೆ ನಿಂತ. ಆಮೇಲೆ ಸಿಕ್ಕ ಹೊಸ ಹೆಸರು ಅವನಿಗೆ ದಕ್ಕಿತು.

ಈಗ ನನ್ನ ಕಥೆಯ ಉಳಿದ ಭಾಗ. ಪಂದ್ಯದ ದಿನ ಸಾಯಂಕಾಲ ಎಲ್ಲ ಮೀನನ್ನೂ ಸಾರು ಮಾಡೋಕೆ ಆ ಗೆಳೆಯನ ಮನೆಗೇ ಕೊಟ್ಟಿದ್ದೆವು. ಅವರಮ್ಮನ ಕೈ ರುಚಿ ಊರಿಗೇ ಗೊತ್ತಿತ್ತು. ನಾನೂ ಹೋಗಿ ಕೂತು ಉಂಡೆ. ನನ್ನ ತಟ್ಟೆಗೆ ಆಯಮ್ಮ ದೊಡ್ಡ ತುಂಡೇ ಹಾಕಿದರು, "ಗೆದ್ದವನೆ, ತಿನ್ನಪ್ಪ" ಅಂದರು.

ಇಪ್ಪತ್ತೆರಡನೇ ವಯಸ್ಸಿಗೆ ನಾನು ರಕ್ಷಣೆ ಹೊಂದಿ ದೀಕ್ಷಾಸ್ನಾನ ತಗೊಂಡೆ. ಒಂದು ರಾತ್ರಿ ಪ್ರಾರ್ಥನೆಯಲ್ಲಿ ಆ ಒಂಬತ್ತು ಕಲ್ಲು ಬಂದು ಮುಂದೆ ಕೂತವು. ಜಕ್ಕಾಯನು ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದನಲ್ಲ, ಲೂಕ 19. ಅರವತ್ತಕ್ಕೆ ಇನ್ನೂರ ನಲವತ್ತು ಲೆಕ್ಕ ಹಾಕಿ ಜೇಬಿನಲ್ಲಿಟ್ಟುಕೊಂಡು ಹೋದೆ. ಗೆಳೆಯ ಆಗ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸದಲ್ಲಿದ್ದ. ಪವರ್‌ಲೂಮ್ ಸದ್ದಿನಲ್ಲಿ ಮಾತು ಕೇಳಿಸಲ್ಲ ಅಂತ ಹೊರಗೆ ಕರೆದು, ಟೀ ಅಂಗಡಿ ಮುಂದೆ ನಿಂತು ಎಲ್ಲಾ ಹೇಳಿದೆ.

ಅವನು ಟೀ ಲೋಟ ಕೆಳಗಿಟ್ಟ. "ಗೊತ್ತಿತ್ತು ಕಣ್ಲಾ. ಅವತ್ತು ಮೀನು ಕೊಯ್ದಿದ್ದು ನಮ್ಮಮ್ಮ ತಾನೆ? ನಾನು ಪಕ್ಕದಾಗೇ ಕೂತಿದ್ದೆ."

ನನಗೆ ಮಾತು ಹೊರಡಲಿಲ್ಲ. "ಮತ್ತೆ ಯಾಕ್ಲಾ ಯಾರಿಗೂ ಹೇಳ್ಲಿಲ್ಲ?" ಅಂದೆ.

"ನಾನು ಎದ್ದು ಬಂದು ಕೂಗೋನಿದ್ದೆ. ಅಮ್ಮ ಕೈ ಹಿಡ್ಕೊಂಡ್ಲು. ಉಣ್ಣೋಕೆ ಬಂದವ್ನೆ, ಇವತ್ತು ಬ್ಯಾಡ, ಅವನೇ ಬಂದು ಹೇಳ್ತಾನೆ ಬಿಡು ಅಂದ್ಲು." ಸ್ವಲ್ಪ ಹೊತ್ತು ಸುಮ್ನಿದ್ದು ಅಂದ, "ಆಮೇಲೂ ಒಂದೆರಡು ಸತಿ ಕೇಳಿದ್ಲು, ಹೇಳಿದ್ನಾ ಅಂತ."

ಆ ತಾಯಿ ತೀರಿಹೋಗಿ ಆಗಲೇ ಎರಡು ವರ್ಷ ಆಗಿತ್ತು.

ಗೆಳೆಯ ನನ್ನ ಕೈಯಿಂದ ಅರವತ್ತು ರೂಪಾಯಿ ಎಣಿಸಿ ತಗೊಂಡ. ಉಳಿದದ್ದು ಮುಟ್ಟಲಿಲ್ಲ. "ಪಂದ್ಯದ ದುಡ್ಡು ನಂದು, ಮಿಕ್ಕಿದ್ದು ನಿಂದು" ಅಂದ. ಟೀ ದುಡ್ಡು ಅವನೇ ಕೊಟ್ಟ. ಆಯಮ್ಮ ನಮ್ಮ ಸಭೆಯವರಲ್ಲ, ಸತ್ಯವೇದ ಓದಿದವರೂ ಅಲ್ಲ. ಆದರೆ ನನ್ನ ಪಾಪ ಕೈಯಲ್ಲಿ ಹಿಡಿದು ನೋಡಿಯೂ ನನ್ನ ತಟ್ಟೆಗೆ ಅನ್ನ ಹಾಕಿ, ನಾನು ಬಾಯಿ ಬಿಡಲಿ ಅಂತ ಕಾದವರು. ನಾನು ತಡ ಮಾಡಿದೆ. ದೇವರು ನನ್ನನ್ನು ಕ್ಷಮಿಸಿದ್ದಾನೆ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೂ ಆ ಆರು ವರ್ಷದಲ್ಲಿ ಯಾವತ್ತಾದರೂ ಒಂದು ದಿನ ಹೋಗಿ ಹೇಳಬಹುದಿತ್ತು ಅನ್ನೋದು ಇದ್ದೇ ಇದೆ.

ಈಗ ಯೋಹಾನ 21. ಪೇತ್ರ, ಯೋಹಾನ ಕಸುಬಿನ ಮೀನುಗಾರರು. ಇಡೀ ರಾತ್ರಿ ಬಲೆ ಬೀಸಿ ಏನೂ ಸಿಕ್ಕಿಲ್ಲ. ಬೆಳಗಾಗುವಾಗ ದಡದಲ್ಲಿ ಒಬ್ಬರು ನಿಂತು ಕೇಳ್ತಾರೆ, ಮಕ್ಕಳೇ, ಮೀನು ಏನಾದರೂ ಇದೆಯಾ? ಮೀನುಗಾರನಿಗೆ ಇದಕ್ಕಿಂತ ಅವಮಾನದ ಪ್ರಶ್ನೆ ಇಲ್ಲ. "ಇತ್ತು, ಜಾರಿ ಹೋಯ್ತು" ಅನ್ನಬಹುದಿತ್ತು. "ಆಚೆ ದಡದಲ್ಲಿ ಇಳಿಸಿ ಬಂದ್ವಿ" ಅನ್ನಬಹುದಿತ್ತು. ಅವರು ಹೇಳಿದ ಉತ್ತರ ಒಂದೇ ಪದ: ಇಲ್ಲ.

ಆ ಇಲ್ಲ ಅನ್ನೋದರ ಮೇಲೆಯೇ ಕರ್ತನು ಬಲಗಡೆಗೆ ಬಲೆ ಬೀಸಿರಿ ಅಂದದ್ದು. ಎಳೆಯೋಕಾಗದಷ್ಟು ಬಂತು. ಎಷ್ಟು? 153. "ರಾಶಿ ರಾಶಿ" ಅಂತ ಬರೆದು ಬಿಡಬಹುದಿತ್ತು, ಯಾರೋ ಕೂತು ಎಣಿಸಿದ್ದಾರೆ. ಖಾಲಿ ಇದ್ದಾಗ ಇಲ್ಲ ಅಂದವರು, ತುಂಬಿದಾಗಲೂ ಎಣಿಸಿಯೇ ಹೇಳ್ತಾರೆ. ಇನ್ನೊಂದು ಗಮನಿಸಿ, 9ನೇ ವಾಕ್ಯ. ಅವರು ದಡಕ್ಕೆ ಬಂದಾಗ ಆಗಲೇ ಕೆಂಡ ಇದೆ, ಕೆಂಡದ ಮೇಲೆ ಮೀನು ಇದೆ, ರೊಟ್ಟಿ ಇದೆ. ಯೇಸುವಿಗೆ ಅವರ ಮೀನು ಬೇಕಾಗಿರಲಿಲ್ಲ. ಅವರ ಬಲೆ ಖಾಲಿ ಅಂತ ಆತನಿಗೆ ಮುಂಚೆಯೇ ಗೊತ್ತಿತ್ತು. ಆದರೂ ಕೇಳಿದ. ಊಟ ಸಿದ್ಧ ಇಟ್ಟುಕೊಂಡು, ಅವರ ಬಾಯಿಂದ ನಿಜ ಬರಲಿ ಅಂತ ಕಾದ.

ಹಾಗಾಗಿ ಪ್ರಿಯರೇ, ಈ ವಾರ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಒಬ್ಬರೇ ಕೂತು ನಿಮ್ಮ ಸಿವಿ ತೆರೆದು ಒಂದೊಂದು ಸಾಲು ಓದಿ. ಸೀಸ ಇರುವ ಸಾಲು ನಿಮಗೇ ಗೊತ್ತು. ಅದನ್ನು ತೆಗೆಯಿರಿ. ಈಗಾಗಲೇ ಅದರ ಮೇಲೆ ಕೆಲಸ ಸಿಕ್ಕಿದ್ದರೆ, ಒಬ್ಬರೇ ನಿರ್ಧಾರ ಮಾಡಬೇಡಿ, ಬಂದು ಮಾತಾಡಿ, ಜೊತೆಯಲ್ಲಿ ಪ್ರಾರ್ಥಿಸಿ ದಾರಿ ನೋಡೋಣ. ಯಾರ ಜಾಗವನ್ನೋ ದುಡ್ಡನ್ನೋ ತಗೊಂಡಿದ್ದರೆ, ಆ ಎರಡನೆಯವನ ಹೆಸರು ನೆನಪಿದ್ದರೆ, ಫೋನ್ ಮಾಡಿ. ಅವರು ಬೈಯಬಹುದು. ಬೈಸಿಕೊಳ್ಳಿ. ಅಂದಹಾಗೆ ಆ ತಮ್ಮ ಫ್ರೆಶರ್ ಅಂತಲೇ ಬರೆದ. ಇನ್ನೂ ಕೆಲಸ ಸಿಕ್ಕಿಲ್ಲ. ಅವನಿಗಾಗಿ ಪ್ರಾರ್ಥಿಸಿ, ಮತ್ತು ನಿಮ್ಮ ಕಂಪನಿಯಲ್ಲಿ ಓಪನಿಂಗ್ ಇದ್ದರೆ ಕೂಟ ಮುಗಿದ ಮೇಲೆ ನನಗೆ ಹೇಳಿ.

ತಲೆ ಬಾಗಿಸೋಣ. ಕರ್ತನೇ, ನಮ್ಮ ಬುಟ್ಟಿಯಲ್ಲಿ ಏನಿದೆ ಅಂತ ನಿನಗೆ ಗೊತ್ತು. ನಾವು ತುಂಬಿದ ಕಲ್ಲುಗಳ ಲೆಕ್ಕವೂ ನಿನಗೆ ಗೊತ್ತು. ನಮ್ಮನ್ನು ನಾಚಿಕೆಪಡಿಸದೆ ನೀನು ಕಾಯುತ್ತಿದ್ದೀಯ. ಇಲ್ಲದ್ದನ್ನು ಇಲ್ಲ ಅನ್ನುವ ಧೈರ್ಯವನ್ನು ನಿನ್ನ ಪವಿತ್ರಾತ್ಮನ ಮೂಲಕ ನಮಗೆ ಕೊಡು. ತಡ ಮಾಡಿದವರನ್ನು ಇವತ್ತೇ ಎಬ್ಬಿಸು. ನಿಜ ಹೇಳಿ ನಷ್ಟ ಅನುಭವಿಸುವವರ ಪಕ್ಕದಲ್ಲಿ ನೀನೇ ನಿಲ್ಲು. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.